‘ರಕ್ತ ತಗೊಂಡು ಹೋದವರು ಮತ್ತೆ ಬರಲಿಲ್ಲ’: ಕೇರಿಗೆ ಸಂಶೋಧನೆ ಬಂದಾಗ ಏನು ಮಾಡಬೇಕು?

ಪ್ರಶ್ನೆ: ಡಾಕ್ಟ್ರಮ್ಮ, ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಸಲರ ಕೇರಿ, ಬುಡಕಟ್ಟು ಜನ ನಾವು. 22 ಮನೆ ಇವೆ. ಕೇರಿಯಲ್ಲಿ ಪಿಯುಸಿವರೆಗೆ ಓದಿದವಳು ನಾನೊಬ್ಬಳೇ. ಹೋದ ತಿಂಗಳು ಒಂದು ಕಾಲೇಜಿನವರು ಬಂದಿದ್ದರು. ರಕ್ತಹೀನತೆ ಮತ್ತು ಸಿಕಲ್ ಸೆಲ್ ಕಾಯಿಲೆ ಬಗ್ಗೆ ಸಂಶೋಧನೆ ಮಾಡುತ್ತಾರಂತೆ. ಎಲ್ಲರ ರಕ್ತ ಬೇಕಂತೆ. ನಮ್ಮಜ್ಜಿ ಕೊಡುವ ನಾಟಿ ಔಷಧದ ವಿವರವನ್ನೂ ಬರೆದುಕೊಳ್ಳುತ್ತಾರಂತೆ. ಇದನ್ನೆಲ್ಲ ನಮಗೆ ತೋಟದ ಯಜಮಾನರ ಮೂಲಕ ಹೇಳಿಕಳಿಸಿದ್ದಾರೆ. ನನಗೆ ದಿನಕ್ಕೆ ಇಷ್ಟು ಅಂತ ಕೊಟ್ಟು ಸಹಾಯಕಿ ಮಾಡಿಕೊಳ್ಳುತ್ತೇವೆ ಅಂದಿದ್ದಾರೆ. ಅಜ್ಜ ಬೇಡ ಅನ್ನುತ್ತಾರೆ. ‘ಹಿಂದೆಯೂ ಬಂದಿದ್ದರು. ರಕ್ತ ತಗೊಂಡು ಹೋದವರು ಮತ್ತೆ ಬರಲಿಲ್ಲ’ ಅಂತ ಅವರ ಮಾತು. ರಕ್ತ ಮಾರಿಕೊಳ್ಳುತ್ತಾರೆ ಅಂತ ಕೆಲವರು. ಬೇಡ ಅಂದರೆ ರೇಷನ್ ಕಾರ್ಡಿಗೆ, ಅರಣ್ಯ ಹಕ್ಕಿನ ಅರ್ಜಿಗೆ ತೊಂದರೆ ಆಗುತ್ತದೆ ಅಂತ ಇನ್ನು ಕೆಲವರು. ಕಾಯಿಲೆ ಇದೆ ಅಂತ ಬಂದರೆ ನಮ್ಮ ಹುಡುಗಿಯರನ್ನು ಯಾರು ಮದುವೆ ಆಗುತ್ತಾರೆ ಅಂತ ಚಿಕ್ಕಮ್ಮ. ನಾನೇನು ಮಾಡಲಿ? ಹೆಸರು ಹಾಕಬೇಡಿ.

ಉತ್ತರ: ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಂಶೋಧನೆ ಒಳ್ಳೆಯದಾ ಕೆಟ್ಟದ್ದಾ ಅಂತ ನೀವು ಕೇಳುತ್ತಿಲ್ಲ. ಇದರಿಂದ ನಮ್ಮ ಕೇರಿಗೆ ಏನು ವಾಪಸ್ ಬರುತ್ತದೆ, ಬರದಿದ್ದರೆ ಕೇಳೋದು ಯಾರನ್ನು, ಇದು ನಿಮ್ಮ ಪ್ರಶ್ನೆ. ಸರಿಯಾದ ಪ್ರಶ್ನೆ. ಮಲೆನಾಡಿನ ಊರುಗಳಲ್ಲಿ ಇಂಥ ಕೆಲಸವನ್ನೇ ಮಾಡಿಕೊಂಡು ಬಂದವಳು ನಾನು. ರಕ್ತ ತೆಗೆದುಕೊಂಡು ಹೋದವರ ಸಾಲಿನಲ್ಲಿ ನಾನೂ ಇದ್ದೆ. ಹಾಗಾಗಿ ಅಜ್ಜನ ಮಾತಿನಿಂದಲೇ ಶುರು ಮಾಡುತ್ತೇನೆ.

ಅಜ್ಜ ಹೇಳಿದ್ದು ಮೂಢನಂಬಿಕೆ ಅಲ್ಲ, ಅನುಭವ. ನಿಮ್ಮಿಂದ ಬಹಳ ದೂರವಿಲ್ಲದ ಸಾಗರ ತಾಲ್ಲೂಕಿನ ಹಂದಿಗೋಡಿನ ಕಥೆ ನೋಡಿ. 1970ರ ದಶಕದ ನಡುವೆ ಅಲ್ಲಿ ಚನ್ನಂಗಿ ಮತ್ತು ಛಲವಾದಿ ಕುಟುಂಬಗಳಲ್ಲಿ ಸೊಂಟ, ಮಂಡಿ ನೋವಿನ ಕಾಯಿಲೆ ಕಂಡಿತು. ನಡೆಯೋದು ಕಷ್ಟವಾಯಿತು. ಕೆಲವರ ಎತ್ತರವೇ ಬೆಳೆಯಲಿಲ್ಲ. ಅವರು ಬುಡಕಟ್ಟಿನವರಲ್ಲ, ದಲಿತ ಕುಟುಂಬದವರು. ಆದರೆ ಪಾಠ ನಿಮಗೂ ಸೇರಿದ್ದು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯೊಳಗೆ ಸೇರಿ, ಆ ಏಡಿ ತಿಂದಿದ್ದರಿಂದ ಬಂತು ಅಂತ ಮೊದಲು ಅನುಮಾನಪಟ್ಟರು. ಏಡಿ ಹಿಡಿಯೋದು ಬಡವರ ಊಟ, ಅಲ್ವಾ? ಕಾಯಿಲೆಯ ಜೊತೆ ಆ ಊಟದ ಮೇಲೂ ದೂರು ಬಿತ್ತು. ಆಮೇಲೆ ಇದು ವಂಶದಲ್ಲಿ ಹರಿದು ಬರುವ ಮೂಳೆ ಕಾಯಿಲೆ ಅಂತ ತಿಳಿಯಿತು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಿಂದ ಹಿಡಿದು ಹಲವು ತಂಡಗಳು ಬಂದು ಹೋದವು. ವಿಜ್ಞಾನಕ್ಕೆ ಉತ್ತರ ಸಿಕ್ಕಿತು. ಆದರೆ ನೋವು ತಿಂದ ಮನೆಯವರಿಗೆ ಬೇಕಿದ್ದದ್ದು ನೋವಿನ ಮಾತ್ರೆ, ಪಿಂಚಣಿ, ಕೆಲವರಿಗೆ ಸೊಂಟದ ಕೀಲಿನ ಆಪರೇಷನ್. ‘ರಕ್ತ ಎಷ್ಟು ಸಲ ಕೊಟ್ಟೆವು, ಲೆಕ್ಕ ಇಟ್ಟಿಲ್ಲ’ ಅಂತ ಅಲ್ಲಿ ಒಬ್ಬರು ನನಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ನನ್ನದೇ ತಪ್ಪನ್ನೂ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೊಸನಗರದ ಕಡೆ ಒಂದು ರಕ್ತಹೀನತೆ ಸಮೀಕ್ಷೆಯಲ್ಲಿದ್ದೆ. ಮನೆಮನೆಗೆ ಹೋಗಿ ರಕ್ತ ತೆಗೆದೆವು. ಪರೀಕ್ಷೆ ಮಾಡಿದೆವು. ಅಂಕಿಗಳನ್ನು ದೊಡ್ಡ ರಿಜಿಸ್ಟರಿನಲ್ಲಿ ಬರೆದಿಟ್ಟೆವು. ಎಲ್ಲ ಊರೂ ಮುಗಿದ ಮೇಲೆ ಒಟ್ಟಿಗೆ ಲೆಕ್ಕ ಹಾಕೋಣ ಅಂತ ಇತ್ತು. ಒಬ್ಬರು ಬಸುರಿಯ ಹಿಮೋಗ್ಲೋಬಿನ್ 6ಕ್ಕಿಂತ ಕಡಿಮೆ ಇತ್ತು. ಬಸುರಿಯರಲ್ಲಿ 11 ಇರಬೇಕು. 7ಕ್ಕಿಂತ ಇಳಿದರೆ ಅದು ಅಪಾಯದ ಗಂಟೆ. ಆ ಅಂಕಿ ನಮ್ಮ ರಿಜಿಸ್ಟರಿನಲ್ಲಿ ಎರಡು ತಿಂಗಳು ಸುಮ್ನೆ ಬಿದ್ದಿತ್ತು. ಹೆರಿಗೆ ಹೊತ್ತಿಗೆ ಅವರನ್ನು ರಾತ್ರೋರಾತ್ರಿ ಶಿವಮೊಗ್ಗಕ್ಕೆ ಒಯ್ಯಬೇಕಾಯಿತು. ಬದುಕಿದರು. ನಾನು ನೋಡಲು ಹೋದಾಗ ಅವರ ಅತ್ತೆ ಕೇಳಿದರು: ‘ನಿಮಗೆ ಗೊತ್ತಿತ್ತಾ ಅಮ್ಮ?’ ಗೊತ್ತಿತ್ತು. ಹೇಳಿರಲಿಲ್ಲ. ಅವತ್ತಿನಿಂದ ನಾನು ಯಾವ ತಂಡದ ಜೊತೆ ಹೋದರೂ ಮೊದಲು ಕೇಳೋದು, ಫಲಿತಾಂಶ ಎಷ್ಟು ದಿನದಲ್ಲಿ ಮನೆಗೆ ಮುಟ್ಟುತ್ತದೆ ಅಂತ.

ಹೀಗೆ ಯಾಕೆ ಆಗುತ್ತದೆ? ಬರುವವರೆಲ್ಲ ಕೆಟ್ಟವರು ಅಂತಲ್ಲ. ಎಷ್ಟೋ ಅಧ್ಯಯನಗಳು ವೈದ್ಯಕೀಯ ವಿದ್ಯಾರ್ಥಿಗಳ ಪ್ರಬಂಧಕ್ಕಾಗಿ ನಡೆಯುತ್ತವೆ. ಎಂ.ಡಿ. ಓದು 3 ವರ್ಷ. ಪ್ರಬಂಧ ಕೊಟ್ಟು, ಪರೀಕ್ಷೆ ಬರೆದು ಅವರು ಬೇರೆ ಊರಿಗೆ ಹೋಗಿರುತ್ತಾರೆ. ಹಣ ಕೊಡುವವರು ರಕ್ತ ತೆಗೆಯಲು, ಪರೀಕ್ಷೆ ಮಾಡಲು, ಬರೆಯಲು ಕೊಡುತ್ತಾರೆ. ತಿರುಗಿ ಬಂದು ಮನೆಮನೆಗೆ ಹೇಳುವ ಖರ್ಚು ಎಷ್ಟೋ ಸಲ ಆ ಲೆಕ್ಕದಲ್ಲಿ ಇರುವುದೇ ಇಲ್ಲ. ಬರಹ ಇಂಗ್ಲಿಷ್ ಪತ್ರಿಕೆಯಲ್ಲಿ ಬರುತ್ತದೆ, ಕೇರಿಗೆ ಬರೋದಿಲ್ಲ. ಮತ್ತೊಂದು ಕಾರಣ ಇನ್ನೂ ಆಳದ್ದು. ಏನು ಹುಡುಕಬೇಕು ಅನ್ನೋದನ್ನು ಕೇರಿಗೆ ಬರುವ ಮೊದಲೇ ತೀರ್ಮಾನ ಮಾಡಿರುತ್ತಾರೆ. ನಿಮ್ಮನ್ನು ಕೇಳಿದ್ದರೆ ನೀವು ಬಹುಶಃ ಬೇರೆ ಏನನ್ನೋ ಹೇಳುತ್ತಿದ್ದಿರಿ. ಮಳೆಗಾಲದಲ್ಲಿ ಆಂಬುಲೆನ್ಸ್ ಬರುವ ದಾರಿ, ತೋಟದ ಔಷಧ ಸಿಂಪಡಿಸಿ ಬಂದವರ ತಲೆಸುತ್ತು, ಕುಡಿತ, ಹೀಗೆ.

ಈಗ ಕೇರಿಯಲ್ಲಿ ಓಡಾಡುತ್ತಿರುವ ಮಾತುಗಳನ್ನು ನೋಡೋಣ.

ರಕ್ತ ಮಾರುತ್ತಾರೆ ಅನ್ನೋದು ನಿಜವಲ್ಲ. ಪರೀಕ್ಷೆಗೆ ತೆಗೆಯೋದು ಸಾಮಾನ್ಯವಾಗಿ ಒಂದು ಚಮಚದಷ್ಟು, 5 ಎಂಎಲ್. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಒಂದು ಚಮಚ ರಕ್ತವನ್ನು ಇನ್ನೊಬ್ಬರಿಗೆ ಹಾಕಲು ಆಗೋದಿಲ್ಲ, ಮಾರಲೂ ಆಗೋದಿಲ್ಲ. ನಿಶ್ಶಕ್ತಿಯೂ ಬರೋದಿಲ್ಲ. ಆದರೆ ಆ ಭಯದ ಒಳಗೆ ಒಂದು ಸತ್ಯ ಇದೆ. ಒಂದು ಕೆಲಸಕ್ಕೆ ಅಂತ ಕೊಟ್ಟ ರಕ್ತವನ್ನು ಇನ್ನೊಂದಕ್ಕೆ ಬಳಸಿದ್ದು ಆಗಿದೆ. ಅಮೆರಿಕದ ಅರಿಜೋನಾದಲ್ಲಿ, ದೊಡ್ಡ ಕಣಿವೆಯೊಂದರ ತಳದಲ್ಲಿ ಹವಾಸುಪಾಯ್ ಅನ್ನೋ ಮೂಲನಿವಾಸಿ ಜನ ಇದ್ದಾರೆ. ಅವರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ. 1990ರ ಸುಮಾರಿಗೆ ಅದರ ಅಧ್ಯಯನಕ್ಕೆ ಅಂತ ರಕ್ತ ಕೊಟ್ಟರು. ಅದೇ ರಕ್ತವನ್ನು ಮಾನಸಿಕ ಕಾಯಿಲೆಯ ಅಧ್ಯಯನಕ್ಕೆ, ಆ ಜನ ಎಲ್ಲಿಂದ ವಲಸೆ ಬಂದರು ಅನ್ನೋ ಹುಡುಕಾಟಕ್ಕೆ ಬಳಸಿದರು. ತಾವು ಈ ನೆಲದಲ್ಲೇ ಹುಟ್ಟಿದವರು ಅಂತ ನಂಬಿದ ಜನಕ್ಕೆ ಅದು ದೊಡ್ಡ ನೋವಾಯಿತು. ಕೋರ್ಟಿಗೆ ಹೋದರು. 2010ರಲ್ಲಿ ಆ ಅಧ್ಯಯನ ಮಾಡಿದ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತದ ಮಾದರಿಗಳನ್ನು ಅವರಿಗೇ ವಾಪಸ್ ಮಾಡಿತು. ಹಾಗಾಗಿ ‘ಮಾರುತ್ತೀರಾ’ ಅಂತ ಕೇಳೋದರ ಬದಲು ಹೀಗೆ ಕೇಳಿ: ಪರೀಕ್ಷೆ ಮುಗಿದ ಮೇಲೆ ಉಳಿದ ರಕ್ತ ಏನಾಗುತ್ತದೆ? ಚೆಲ್ಲುತ್ತೀರಾ, ಇಡುತ್ತೀರಾ? ಇಟ್ಟರೆ ಮುಂದೆ ಬೇರೆ ಕೆಲಸಕ್ಕೆ ಬಳಸುವ ಮೊದಲು ನಮ್ಮನ್ನು ಮತ್ತೆ ಕೇಳುತ್ತೀರಾ? ನೀವು ಸಹಿ ಹಾಕುವ ಒಪ್ಪಿಗೆಯ ಕಾಗದದಲ್ಲಿ ಇದಕ್ಕೆ ಬೇರೆ ಸಾಲು ಇರಬೇಕು. ‘ಇದೊಂದೇ ಕೆಲಸಕ್ಕೆ’ ಅಂತ ಹೇಳುವ ಹಕ್ಕು ನಿಮಗಿದೆ.

ಬೇಡ ಅಂದರೆ ರೇಷನ್ ಹೋಗುತ್ತದೆ ಅನ್ನೋದು ಪೂರ್ತಿ ಸುಳ್ಳು. ರೇಷನ್ ಬರೋದು ಆಹಾರ ಭದ್ರತಾ ಕಾಯ್ದೆಯಿಂದ. ಅರಣ್ಯ ಹಕ್ಕು 2006ರ ಕಾಯ್ದೆಯಿಂದ, ಅದರ ಅರ್ಜಿ ಗ್ರಾಮಸಭೆಯಿಂದ ಶುರುವಾಗುತ್ತದೆ. ಯಾವ ಕಾಲೇಜಿಗೂ ಅದರಲ್ಲಿ ಕೈ ಹಾಕಲು ಬರೋದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ತಂದ ನಿಯಮಾವಳಿಯಲ್ಲಿ ಇದು ಸ್ಪಷ್ಟ ಇದೆ. ಒಪ್ಪದಿದ್ದರೂ, ಮಧ್ಯದಲ್ಲಿ ಬಿಟ್ಟು ಬಂದರೂ ನಿಮಗೆ ಸಿಗಬೇಕಾದ ಚಿಕಿತ್ಸೆಯಾಗಲಿ ಸೌಲಭ್ಯವಾಗಲಿ ತಪ್ಪಬಾರದು. ಯಾರಾದರೂ ಹಾಗೆ ಹೆದರಿಸಿದರೆ ಅದೇ ದೂರು ಕೊಡಲು ಸಾಕು.

ಮದುವೆಯ ಮಾತು ಮಾತ್ರ ಹಗುರವಲ್ಲ. ಚಿಕ್ಕಮ್ಮ ಹೇಳಿದ್ದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಸಿಕಲ್ ಸೆಲ್ ಅಂದರೆ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುವ ಕಾಯಿಲೆ. ಹುಟ್ಟಿನಿಂದ ಬರುತ್ತದೆ, ಅಂಟೋದಿಲ್ಲ. ಇದರಲ್ಲಿ ಎರಡು ಬೇರೆ ಬೇರೆ ಸ್ಥಿತಿ ಇವೆ. ತಂದೆ ತಾಯಿಯಲ್ಲಿ ಒಬ್ಬರಿಂದ ಮಾತ್ರ ಆ ಗುಣ ಬಂದವರು ವಾಹಕರು. ಅವರು ಸಾಮಾನ್ಯವಾಗಿ ಆರೋಗ್ಯವಾಗೇ ಇರುತ್ತಾರೆ, ಔಷಧ ಬೇಕಿಲ್ಲ. ಇಬ್ಬರಿಂದಲೂ ಬಂದವರಿಗೆ ಮಾತ್ರ ಕಾಯಿಲೆ. ಮೈಕೈ ಮೂಳೆ ನೋವು, ಕಾಮಾಲೆ, ಪದೇ ಪದೇ ಜ್ವರ, ರಕ್ತ ಕಡಿಮೆ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸುರಿಗೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ವಾಹಕರು ವಾಹಕರಲ್ಲದವರನ್ನು ಮದುವೆಯಾದರೆ ಮಕ್ಕಳಿಗೆ ಈ ಕಾಯಿಲೆ ಬರೋದಿಲ್ಲ. ಗಂಡಿನಿಂದಲೂ ಬರುತ್ತದೆ, ಹೆಣ್ಣಿನಿಂದಲೂ ಬರುತ್ತದೆ, ಸಮ ಸಮ. ಆದರೆ ಊರಿನಲ್ಲಿ ಮಾತು ಬರೋದು ಹುಡುಗಿಯ ಮೇಲೆ. ಅದು ಗೊತ್ತಿರೋದರಿಂದಲೇ ಚಿಕ್ಕಮ್ಮ ಹೆದರಿದ್ದು.

ತಿಳಿದುಕೊಂಡರೆ ಲಾಭವೂ ಇದೆ. ಕಾಯಿಲೆ ಇರುವ ಮಗುವನ್ನು ಬೇಗ ಗುರುತಿಸಿದರೆ ಲಸಿಕೆ, ಪೆನಿಸಿಲಿನ್, ಬೇಕಾದಾಗ ಹೈಡ್ರಾಕ್ಸಿಯೂರಿಯಾ ಮಾತ್ರೆ ಕೊಟ್ಟು ಚೆನ್ನಾಗಿ ನೋಡಿಕೊಳ್ಳಬಹುದು. ಹಾಗಾಗಿ ‘ಪರೀಕ್ಷೆಯೇ ಬೇಡ’ ಅಂತ ನಾನು ಹೇಳೋದಿಲ್ಲ. ಫಲಿತಾಂಶವನ್ನು ಯಾರಿಗೆ, ಎಲ್ಲಿ, ಹೇಗೆ ಹೇಳುತ್ತಾರೆ ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಿ. ಅಂಗನವಾಡಿ ಜಗಲಿಯಲ್ಲಿ ಹೆಸರು ಕೂಗಿ ಚೀಟಿ ಕೊಡೋದು ನಾನು ಕಣ್ಣಾರೆ ಕಂಡಿದ್ದೇನೆ. ಹಾಗೆ ಆಗಲೇಬಾರದು. ಒಬ್ಬೊಬ್ಬರಿಗೇ, ಬಾಗಿಲು ಹಾಕಿ, ಅರ್ಥವಾಗುವ ಹಾಗೆ ಹೇಳಬೇಕು. ಇನ್ನೊಂದು ವಿಷಯ. ಕಡಿಮೆ ಖರ್ಚಿನ ಮೊದಲ ಪರೀಕ್ಷೆಯೊಂದಿದೆ, ಒಂದೆರಡು ಹನಿ ರಕ್ತ ಸಾಕು, ನಿಮಿಷಗಳಲ್ಲಿ ಉತ್ತರ ಬರುತ್ತದೆ. ಅದು ವಾಹಕರು ಯಾರು, ಕಾಯಿಲೆಯವರು ಯಾರು ಅಂತ ಬೇರ್ಪಡಿಸಿ ಹೇಳೋದಿಲ್ಲ. ಅದಕ್ಕೆ ಪ್ರಯೋಗಾಲಯದಲ್ಲಿ ಇನ್ನೊಂದು ಪರೀಕ್ಷೆ ಬೇಕು. ಮೊದಲನೆಯದನ್ನೇ ಹಿಡಿದು ಯಾರ ಮೇಲೂ ಹಣೆಪಟ್ಟಿ ಅಂಟಿಸಬೇಡಿ ಅಂತ ತಂಡಕ್ಕೂ ಹೇಳಿ.

ಬಂದವರನ್ನು ಇನ್ನೊಂದು ಕೇಳಿ: ಇದು ಸರ್ಕಾರದ ತಪಾಸಣೆಯಾ, ಸಂಶೋಧನೆಯಾ? 2023ರ ಜುಲೈನಿಂದ ಕೇಂದ್ರ ಸರ್ಕಾರದ ಸಿಕಲ್ ಸೆಲ್ ನಿರ್ಮೂಲನಾ ಕಾರ್ಯಕ್ರಮ ನಡೆಯುತ್ತಿದೆ. ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನ 7 ಕೋಟಿ ಜನರನ್ನು ಪರೀಕ್ಷೆ ಮಾಡುವ ಗುರಿ ಅದರದ್ದು. ಅದು ಸೇವೆ. ಸಂಶೋಧನೆ ಬೇರೆ. ಅದರಲ್ಲಿ ನಿಮಗೆ ಲಾಭ ಆಗಬಹುದು, ಆಗದೆಯೂ ಇರಬಹುದು. ಬಿಳಿ ಕೋಟು ಹಾಕಿ ಬಂದವರೆಲ್ಲ ಚಿಕಿತ್ಸೆಗೇ ಬಂದರು ಅಂತ ಜನ ನಂಬುತ್ತಾರೆ. ಆ ನಂಬಿಕೆಯ ಮೇಲೆ ಸಹಿ ಹಾಕಿಸಿಕೊಳ್ಳೋದು ಸರಿಯಲ್ಲ.

ಇನ್ನು ತೋಟದ ಯಜಮಾನರ ವಿಚಾರ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಕಸಿವಿಸಿ ಆಗಿದ್ದು ಇಲ್ಲಿ. ಕೂಲಿ ಕೊಡುವವರು ‘ಹೋಗಿ ರಕ್ತ ಕೊಡಿ’ ಅಂದಾಗ ಬೇಡ ಅನ್ನೋದು ಯಾರಿಗೆ ಸಾಧ್ಯ? ನಮ್ಮ ಕಡೆ ಜನ ಮುಖದ ಮೇಲೆ ಇಲ್ಲ ಅನ್ನೋದಿಲ್ಲ. ‘ಆಯ್ತಮ್ಮ, ನೋಡುವ’ ಅನ್ನುತ್ತಾರೆ. ಮರುದಿನ ಬಾಗಿಲು ಹಾಕಿಕೊಂಡು ಕಾಡಿಗೆ ಹೋಗಿರುತ್ತಾರೆ. ಹೊರಗಿನಿಂದ ಬಂದವರು ಅದನ್ನು ‘ಒಪ್ಪಿದ್ದರು, ಆದರೆ ಸಿಗಲಿಲ್ಲ’ ಅಂತ ಬರೆದುಕೊಳ್ಳುತ್ತಾರೆ. ನನಗೂ ಈ ‘ನೋಡುವ’ ಅಂದರೆ ಬೇಡ ಅಂತ ಅರ್ಥ ಆಗಲು ಎರಡು ಮಳೆಗಾಲ ಬೇಕಾಯಿತು. ಐಸಿಎಂಆರ್ ನಿಯಮ ಇಲ್ಲಿ ನಿಮ್ಮ ಪರವಾಗಿದೆ. ಬುಡಕಟ್ಟು ಜನರ ನಡುವೆ ಸಂಶೋಧನೆ ಮಾಡಬೇಕಾದರೆ ಆ ಜನಕ್ಕೆ ತಕ್ಕ ಲಾಭ ಇರಬೇಕು. ಜಿಲ್ಲಾಧಿಕಾರಿಯಂಥ ಅಧಿಕಾರಿಯ ಅನುಮತಿ ಬೇಕು. ಸಮುದಾಯದ ಹಿರಿಯರನ್ನು, ಆ ಜನರ ಮಾತು ಬಲ್ಲವರನ್ನು ಜೊತೆಗಿಟ್ಟುಕೊಂಡು, ಸಾಕ್ಷಿಗಳ ಮುಂದೆ ಒಪ್ಪಿಗೆ ಕೇಳಬೇಕು. ಮುಖಂಡರು ಹೂಂ ಅಂದರೂ ಪ್ರತಿಯೊಬ್ಬರ ಒಪ್ಪಿಗೆ ಬೇರೆಯಾಗಿ ಬೇಕೇ ಬೇಕು. ಯಜಮಾನರು ಕೇರಿಯ ಹಿರಿಯರಲ್ಲ. ಒಪ್ಪಿಗೆ ಕೇಳುವಾಗ ಅವರು ಅಲ್ಲಿ ಇರಬಾರದು.

ದೊಡ್ಡವರ ಸಹಿಯೇ ಮಕ್ಕಳ ಒಪ್ಪಿಗೆ ಆದಾಗ ಏನಾಗುತ್ತದೆ ಅಂತ 2009-10ರಲ್ಲಿ ದೇಶ ನೋಡಿತು. ಆಗಿನ ಆಂಧ್ರದ ಖಮ್ಮಂನಲ್ಲಿ ಬುಡಕಟ್ಟು ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆಯಿತು. ಎಷ್ಟೋ ಕಡೆ ತಂದೆ ತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. ಕೆಲವು ಹುಡುಗಿಯರು ತೀರಿಕೊಂಡರು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲ ಅಂತ ತನಿಖೆ ಹೇಳಿತು. ಆ ಲಸಿಕೆ ಒಳ್ಳೆಯದೇ, ನಾನು ನನ್ನ ಮನೆಯ ಹುಡುಗಿಯರಿಗೂ ಹಾಕಿಸಿದ್ದೇನೆ. ಆದರೆ ಒಪ್ಪಿಗೆ ಸರಿಯಾಗಿ ಕೇಳಿರಲಿಲ್ಲ, ಹಾಗಾಗಿ ಜನ ಒಳ್ಳೆಯ ಲಸಿಕೆಯನ್ನೂ ನಂಬಲಿಲ್ಲ.

ಜನ ಬೇಡ ಅನ್ನೋದರಲ್ಲಿ ಎಷ್ಟೋ ಸಲ ಮಾಹಿತಿ ಇರುತ್ತದೆ. ನಮ್ಮ ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನಕ್ಕೆ ಜ್ವರ ಬಂತು. ಉಣುಗಿನಿಂದ ಹರಡುವ ವೈರಸ್ ಅಂತ ಪತ್ತೆಯಾಯಿತು. ಇವತ್ತಿಗೂ ಕಾಡಿನಲ್ಲಿ ಮಂಗ ಸತ್ತಿದ್ದನ್ನು ಮೊದಲು ಕಾಣೋದು ಸೌದೆಗೆ, ದರಗಿಗೆ (ಒಣ ಎಲೆಗೆ) ಹೋಗುವ ನಿಮ್ಮಂಥವರು. ನೀವು ಹೇಳದಿದ್ದರೆ ಇಲಾಖೆಗೆ ಗೊತ್ತೇ ಆಗೋದಿಲ್ಲ. ಆ ಕಾಯಿಲೆಗೆ ವರ್ಷಗಟ್ಟಲೆ ಒಂದು ಲಸಿಕೆ ಕೊಟ್ಟರು. ಪದೇ ಪದೇ ಹಾಕಿಸಿಕೊಳ್ಳಬೇಕು, ಚುಚ್ಚಿದ ಜಾಗ ವಿಪರೀತ ನೋವು. ‘ಹಾಕಿಸಿಕೊಂಡವರಿಗೂ ಬಂತಲ್ಲ’ ಅಂತ ಜನ ಹಿಂದೆ ಸರಿದರು. ಅವರಿಗೆ ತಿಳಿವಳಿಕೆ ಇಲ್ಲ ಅಂತ ನಾವು ಬೈದೆವು. ಕೊನೆಗೆ ರಕ್ಷಣೆ ಸಾಲದು ಅಂತ 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು. ಜನರ ಮಾತನ್ನು ದೂರು ಅಂತ ತಳ್ಳದೆ ಮಾಹಿತಿ ಅಂತ ಬರೆದುಕೊಂಡಿದ್ದರೆ ಹೊಸ ಲಸಿಕೆಯ ಕೆಲಸ ಬೇಗ ಶುರುವಾಗುತ್ತಿತ್ತು ಅಂತ ನನ್ನ ನಂಬಿಕೆ.

ಹಾಗಾದರೆ ನಿಮ್ಮ ಮುಂದೆ ಏನೇನು ದಾರಿ ಇದೆ?

ಪೂರ್ತಿ ಬೇಡ ಅನ್ನಬಹುದು. ಅದರಿಂದ ಶಿಕ್ಷೆ ಇಲ್ಲ. ನಷ್ಟ ಇಷ್ಟೇ: ಕೇರಿಯಲ್ಲಿ ರಕ್ತಹೀನತೆ ಯಾಕಿದೆ ಅಂತ ತಿಳಿಯುವ ಒಂದು ಅವಕಾಶ ಹೋಗುತ್ತದೆ. 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇತ್ತು. ಕಬ್ಬಿಣದಂಶ ಸಾಲದೆ ಬರಬಹುದು, ತೋಟದಲ್ಲಿ ಬರಿಗಾಲಿನಲ್ಲಿ ಓಡಾಡಿ ಕೊಕ್ಕೆಹುಳ ಸೇರಿ ಬರಬಹುದು, ಸಿಕಲ್ ಸೆಲ್‌ನಿಂದಲೂ ಬರಬಹುದು. ಒಂದೊಂದಕ್ಕೆ ಮದ್ದು ಬೇರೆ. ಬೇಡ ಅಂದರೂ ಸಂಶೋಧನೆಗೆ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ, ಅಲ್ಲಿ ಅದು ಉಚಿತ. ಏದುಸಿರು, ಕಾಲು ಊತ, ಬಿಳಿಚಿಕೊಂಡ ಕಣ್ಣು ಇರುವವರು ಯಾರಾದರೂ ಇದ್ದರೆ ಈ ವಾರವೇ ಕರೆದುಕೊಂಡು ಹೋಗಿ.

ಭಾಗ ಮಾಡಿ ಒಪ್ಪಬಹುದು. ರಕ್ತಕ್ಕೆ ಹೂಂ, ಔಷಧದ ವಿವರಕ್ಕೆ ಬೇಡ. ಇದು ನನಗೆ ತುಂಬ ಸರಿ ಕಾಣುತ್ತದೆ. ಅಜ್ಜಿಯ ನಾರು ಬೇರಿನ ಮಾತು ಬೇರೆಯೇ ಸಂಗತಿ. ಒಮ್ಮೆ ಅಚ್ಚಾದರೆ ಅದು ಎಲ್ಲರದೂ ಆಗುತ್ತದೆ, ಹಿಂದೆ ತರಲು ಆಗೋದಿಲ್ಲ. ಕೇರಳದ ಅಗಸ್ತ್ಯ ಬೆಟ್ಟದ ಕಾಣಿ ಜನ ಆರೋಗ್ಯಪ್ಪಚ್ಚ ಅನ್ನೋ ಗಿಡದ ಕಾಯಿ ತಿಂದು ದಣಿವಿಲ್ಲದೆ ನಡೆಯೋದನ್ನು 1987ರಲ್ಲಿ ವಿಜ್ಞಾನಿಗಳು ಕಂಡರು. ಅದರಿಂದ ಜೀವನಿ ಅನ್ನೋ ಔಷಧ ಬಂತು. ಅದರಿಂದ ವಿಜ್ಞಾನಿಗಳ ಸಂಸ್ಥೆಗೆ ಬಂದ ಹಣದಲ್ಲಿ ಅರ್ಧ ಕಾಣಿ ಜನಕ್ಕೆ ಅಂತ ಒಪ್ಪಂದವಾಯಿತು, 1997ರಲ್ಲಿ ಅವರದೇ ಟ್ರಸ್ಟ್ ಆಯಿತು. ಒಳ್ಳೆಯ ಉದಾಹರಣೆ. ಆದರೂ ನಮ್ಮನ್ನು ಕೇಳಲಿಲ್ಲ ಅಂತ ಕಾಣಿಯವರಲ್ಲೇ ಕೆಲವರಿಗೆ ಬೇಸರ ಉಳಿಯಿತು. ಒಂದು ಮನೆಯವರು ಹೇಳಿದರೆ ಇಡೀ ಜನದ ಮಾತು ಆಗೋದಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಔಷಧದ ವಿಷಯ ಬಂದರೆ ಅಲ್ಲಿಗೆ ಹೋಗಿ ಕೇಳಿ. ಅಲ್ಲಿಯವರೆಗೆ ಅಜ್ಜಿ ಗಿಡದ ಹೆಸರು ಹೇಳಬೇಕಿಲ್ಲ.

ಮೂರನೆಯದು, ಷರತ್ತು ಹಾಕಿ ಒಪ್ಪೋದು. ಕಷ್ಟದ ದಾರಿ, ಆದರೆ ನನ್ನ ಅನುಭವದಲ್ಲಿ ಕೇರಿಗೆ ಏನಾದರೂ ಉಳಿಯೋದು ಇದರಿಂದಲೇ. ತಂಡವನ್ನು ಕೇರಿಗೇ ಕರೆಯಿರಿ, ಯಜಮಾನರ ಅಂಗಳಕ್ಕೆ ಬೇಡ. ಸಂಶೋಧನೆಯ ವಿವರ ಇರುವ ಮಾಹಿತಿ ಪತ್ರವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿ. ಅದರ ಒಂದು ಪ್ರತಿ ನಿಮ್ಮ ಹತ್ತಿರ ಉಳಿಯಬೇಕು. ಅದರಲ್ಲಿ ನೈತಿಕ ಸಮಿತಿಯ, ಅಂದರೆ ಸಂಶೋಧನೆಯಿಂದ ಜನಕ್ಕೆ ಅನ್ಯಾಯ ಆಗದ ಹಾಗೆ ನೋಡುವ ಸಮಿತಿಯ, ಫೋನ್ ನಂಬರ್ ಇರುತ್ತದೆ. ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಪ್ರತಿ ಸಂಸ್ಥೆಯಲ್ಲೂ ಈ ಸಮಿತಿ ಒಪ್ಪಿದ ಮೇಲೆಯೇ ಇಂಥ ಕೆಲಸ ಶುರು ಮಾಡಬೇಕು. ತೊಂದರೆಯಾದರೆ ನೀವು ನೇರವಾಗಿ ಅಲ್ಲಿಗೇ ಫೋನ್ ಮಾಡಬಹುದು. ಹೆಬ್ಬೆಟ್ಟು ಒತ್ತುವವರ ಪಕ್ಕ ತಂಡಕ್ಕೆ ಸೇರದ ಸಾಕ್ಷಿ ಕೂರಬೇಕು. ಸಹಿ ಅವತ್ತೇ ಬೇಡ, ಒಂದು ವಾರ ಸಮಯ ಕೇಳಿ. ರಿಪೋರ್ಟ್ ಎಷ್ಟು ದಿನದಲ್ಲಿ ಬರುತ್ತದೆ, ಹಿಮೋಗ್ಲೋಬಿನ್ ತೀರಾ ಕಡಿಮೆ ಬಂದವರಿಗೆ ಅದೇ ದಿನ ಏನು ಮಾಡುತ್ತೀರಿ, ಮುಂದಿನ ಚಿಕಿತ್ಸೆ ಯಾವ ಆಸ್ಪತ್ರೆಯಲ್ಲಿ, ವಾಹನದ ಖರ್ಚು ಯಾರದ್ದು, ಇದನ್ನು ಬರೆಸಿಕೊಳ್ಳಿ. ಬರಹ ಅಚ್ಚಾಗುವ ಮೊದಲು ಕೇರಿಗೆ ಬಂದು ಹೇಳಬೇಕು, ನಮ್ಮ ಕೇರಿಯ ಹೆಸರು ಹಾಕಬಾರದು ಅಂತಲೂ ಕೇಳಬಹುದು. ಇದಕ್ಕೆ ‘ಪ್ರೋಟೋಕಾಲ್‌ನಲ್ಲಿ ಇಲ್ಲ’, ಅಂದರೆ ಸಂಶೋಧನೆಗೆ ಬರೆದಿಟ್ಟ ಯೋಜನೆಯಲ್ಲಿ ಇಲ್ಲ, ಅಂತ ಉತ್ತರ ಬರಬಹುದು. ಹಾಗಾದರೆ ಸೇರಿಸಿ, ಸಮಿತಿಗೆ ತಿದ್ದುಪಡಿ ಕಳಿಸಿ ಬನ್ನಿ ಅನ್ನಿ. ಅದಕ್ಕೆ ಅವಕಾಶ ಇದೆ, ನಾನೇ ಎಷ್ಟೋ ಸಲ ಮಾಡಿದ್ದೇನೆ. ಇದರ ಅಪಾಯ ಒಂದೇ, ಕೆಲವರು ‘ಈ ಕೇರಿ ಕಿರಿಕಿರಿ’ ಅಂತ ಬೇರೆ ಕೇರಿಗೆ ಹೋಗಬಹುದು. ಹಾಗೆ ಹೋಗುವವರು ಹೋಗಲಿ.

ಒಪ್ಪಿಗೆ ಮನೆಗೊಂದಲ್ಲ, ಆಳಿಗೊಂದು. ಅಜ್ಜ ಬೇಡ ಅಂದರೆ ಅಜ್ಜನದ್ದು ಬೇಡ. ನೀವು ಕೊಡುತ್ತೀರಾದರೆ ಅದು ನಿಮ್ಮದು. ಇದರಿಂದ ಮನೆಯೊಳಗೆ ಜಗಳ ಬೇಡ.

ಕೊನೆಗೆ ನಿಮ್ಮ ಸಂಬಳದ ವಿಷಯ. ಕೆಲಸ ಬಿಡಿ ಅಂತ ನಾನು ಹೇಳೋದಿಲ್ಲ. ಕೇರಿಯವರೊಬ್ಬರು ತಂಡದ ಒಳಗೆ ಇದ್ದರೆ ಒಳ್ಳೆಯದೇ, ಕೂಲಿಯೂ ನ್ಯಾಯವಾದದ್ದು. ಆದರೆ ತಂಡದವರು ಸಿಗದೆ ಹೋದ ದಿನ ಕೇರಿ ಬಂದು ನಿಲ್ಲೋದು ನಿಮ್ಮ ಬಾಗಿಲಲ್ಲಿ. ಅದಕ್ಕೆ ಮೊದಲೇ ಎರಡು ಮಾತು ಮಾಡಿಕೊಳ್ಳಿ. ಜನರನ್ನು ಒಪ್ಪಿಸುವ ಕೆಲಸ ನನ್ನದಲ್ಲ, ಇಷ್ಟು ಜನರನ್ನು ಕರೆತಂದರೆ ಇಷ್ಟು ದುಡ್ಡು ಅನ್ನೋ ಲೆಕ್ಕ ಬೇಡ, ದಿನದ ಕೂಲಿ ಮಾತ್ರ. ಮತ್ತೆ, ಯಾರ ರಿಪೋರ್ಟೂ ನನ್ನ ಕೈಗೆ ಬರಬಾರದು. ಚಿಕ್ಕಮ್ಮನ ಮಗಳ ಫಲಿತಾಂಶ ನಿಮಗೆ ಗೊತ್ತಿದೆ ಅಂತ ಚಿಕ್ಕಮ್ಮನಿಗೆ ಅನುಮಾನ ಬಂದರೂ ಸಾಕು, ನೀವು ಆ ಮನೆಗೆ ಮೊದಲಿನ ಹಾಗೆ ಹೋಗಿ ಬರಲು ಆಗೋದಿಲ್ಲ.

ಅವರು ಮುಂದಿನ ಸಲ ಬರುವ ದಿನ ಹೇಳಿದರೆ, ಸಂಜೆ ಬರಲು ಹೇಳಿ. ಹಗಲು ಕರೆದರೆ ಎಲ್ಲರ ಒಂದು ದಿನದ ಕೂಲಿ ಹೋಗುತ್ತದೆ. ಅಡಿಕೆ ಕೊಯ್ಲಿನ ಸಮಯವಾದರೆ ಅದು ಮುಗಿದ ಮೇಲೆ ಬನ್ನಿ ಅನ್ನಿ. ಮಾಹಿತಿ ಪತ್ರ ಸಿಕ್ಕ ಕೂಡಲೇ ನನಗೆ ಒಂದು ಫೋಟೋ ಕಳಿಸಿ, ಸಾಲು ಸಾಲಾಗಿ ಓದಿ ಹೇಳುತ್ತೇನೆ. ಅಜ್ಜನೂ ಪಕ್ಕದಲ್ಲಿರಲಿ.